ಸಿರಿಂಜಿನ ತಳದ ಹನಿ

2003ನೆಯ ಇಸವಿಯ ಜೂನ್ ತಿಂಗಳು. ಅಮೆರಿಕದ ಉದ್ದೀಪನ ಮದ್ದು ನಿರೋಧ ಸಂಸ್ಥೆಗೆ ಯಾರೋ ಒಬ್ಬನು ದೂರವಾಣಿಯಲ್ಲಿ ಮಾತನಾಡಿದನು. ತಾನೊಬ್ಬ ತರಬೇತುದಾರನೆಂದು ತಿಳಿಸಿದನೇ ಹೊರತು ಹೆಸರನ್ನು ಹೇಳಲಿಲ್ಲ. ತರುವಾಯ ಅವನು ಬಳಸಿ ಬರಿದಾದ ಒಂದು ಸಿರಿಂಜನ್ನು ಕಳುಹಿಸಿದನು. ಅದರ ತಳದಲ್ಲಿ ಸ್ವಲ್ಪ ದ್ರವ ಅಂಟಿಕೊಂಡಿತ್ತು. ಯಾವ ಪರೀಕ್ಷೆಗೂ ಸಿಕ್ಕದ ಈ ಮದ್ದನ್ನು ಹೆಸರಾಂತ ಕ್ರೀಡಾಪಟುಗಳು ಸೇವಿಸುತ್ತಿದ್ದಾರೆ ಎಂಬುದು ಅವನ ದೂರು.

ಸಿರಿಂಜನ್ನು ತೊಳೆದು ತೆಗೆದ ಆ ಅಂಶವು ಲಾಸ್ ಏಂಜಲೀಸ್ ನಗರದ ಒಂದು ಪ್ರಯೋಗಶಾಲೆಯನ್ನು ಸೇರಿತು. ಅದನ್ನು 1982ರಲ್ಲಿ ಸ್ಥಾಪಿಸಿ ಬೆಳೆಸಿದವರು ಡಾನ್ ಕ್ಯಾಟ್ಲಿನ್ ಎಂಬ ವೈದ್ಯರು. ಕ್ರೀಡಾಪಟುಗಳ ಮೂತ್ರದ ಮಾದರಿಗಳು ಅಲ್ಲಿಗೆ ಮೊಹರು ಮಾಡಿದ ಸೀಸೆಗಳಲ್ಲಿ ಬರುತ್ತಿದ್ದವು. ಸೀಸೆಯ ಮೇಲೆ ಸಂಖ್ಯೆಯಿರುತ್ತಿತ್ತು, ಹೆಸರಿರುತ್ತಿರಲಿಲ್ಲ. ಚಿನ್ನ ಗೆದ್ದವನದೋ ಕೊನೆಯಲ್ಲಿ ಬಂದವನದೋ ಎಂಬುದು ಪರೀಕ್ಷಿಸುವವರಿಗೆ ತಿಳಿಯದು.

ಪರೀಕ್ಷೆಯ ಕ್ರಮ ಸ್ವಾರಸ್ಯವಾದುದು. ಮಾದರಿಯನ್ನು ಶುದ್ಧಗೊಳಿಸಿ, ಕಾಯಿಸಿ, ಆವಿಯಾಗಿಸಿ ಬಲು ಸಣ್ಣದಾದ ಉದ್ದನೆಯ ಕೊಳವೆಯೊಂದರೊಳಗೆ ಹಾಯಿಸುತ್ತಾರೆ. ಅದರಲ್ಲಿ ಬೆರೆತಿರುವ ವಸ್ತುಗಳು ಒಂದೊಂದಾಗಿ, ತಮ್ಮ ತಮ್ಮ ವೇಳೆಗೆ ಹೊರಬೀಳುತ್ತವೆ. ಹೊರಬಿದ್ದ ಅಣುಗಳನ್ನು ಎಲೆಕ್ಟ್ರಾನುಗಳಿಂದ ಬಡಿದು ಒಡೆಯುತ್ತಾರೆ. ನೆಲಕ್ಕೆ ಬಿದ್ದ ಮಡಕೆ ಇಂದು ಒಂದು ಬಗೆಯಾಗಿ, ನಾಳೆ ಮತ್ತೊಂದು ಬಗೆಯಾಗಿ ಒಡೆಯಬಹುದು, ಅಣುಗಳು ಹಾಗಲ್ಲ. ಒಂದೇ ವಸ್ತುವಿನ ಅಣುಗಳನ್ನು ಒಂದೇ ರೀತಿ ಬಡಿದರೆ ಸಿಗುವ ಚೂರುಗಳ ನಮೂನೆಯೂ ಒಂದೇ. ಆ ಚೂರುಗಳನ್ನು ತೂಗಿ, ಮೊದಲೇ ಗೊತ್ತಿರುವ ನಿಷಿದ್ಧ ಮದ್ದುಗಳ ಗುರುತುಗಳೊಡನೆ ಹೋಲಿಸಲಾಗುತ್ತದೆ.

ಇಷ್ಟು ಸೂಕ್ಷ್ಮವಾದ ಯಂತ್ರಕ್ಕೂ ಒಂದು ಕೊರತೆಯುಂಟು. ಪಟ್ಟಿ ಹಿಡಿದು ನಿಂತ ಕಾವಲುಗಾರನಂತೆ ಅದು ಪಟ್ಟಿಯಲ್ಲಿರುವವರನ್ನಷ್ಟೇ ತಡೆಯಬಲ್ಲುದು. ಸಿರಿಂಜಿನಲ್ಲಿದ್ದುದು ಯಾವ ಪಟ್ಟಿಯಲ್ಲಿಯೂ ಇಲ್ಲದ ವಸ್ತು. ಸ್ತ್ರೀರೋಗವೊಂದಕ್ಕೆ ಕೊಡುವ ಜೆಸ್ಟ್ರಿನೋನ್ ಎಂಬ ಔಷಧಿಯ ಅಣುವಿಗೆ ಜಲಜನಕದ ನಾಲ್ಕು ಪರಮಾಣುಗಳನ್ನು ಕೂಡಿಸಿ, ಸ್ನಾಯುಗಳನ್ನು ಬಲಿಸುವ ಹೊಸ ಮದ್ದೊಂದನ್ನು ಯಾರೋ ಬೇಕೆಂದೇ ಸೃಷ್ಟಿಸಿದ್ದರು. ಪರೀಕ್ಷೆಗೆ ಅಣಿಗೊಳಿಸುವಾಗಲೇ ಅದು ಗುರುತು ಸಿಗದಂತೆ ಒಡೆದುಹೋಗುತ್ತಿತ್ತು. ರಸಾಯನಶಾಸ್ತ್ರವನ್ನು ಚೆನ್ನಾಗಿ ಬಲ್ಲವನೇ ಮಾಡಿದ ವಂಚನೆಯದು. ಆ ವಿದ್ಯೆ ಬೇರೆಡೆ ಸದ್ವಿನಿಯೋಗವಾಗಿದ್ದರೆ ಎಷ್ಟು ರೋಗಿಗಳಿಗೆ ನೆರವಾಗುತ್ತಿತ್ತೋ!

ಕ್ಯಾಟ್ಲಿನ್ನರೂ ಅವರ ಸಂಗಡಿಗರೂ ಆ ಅಣುವಿನ ರಚನೆಯನ್ನು ಊಹಿಸಿದರು. ಊಹೆ ಸಾಲದೆಂದು, ತಾವೇ ಆ ವಸ್ತುವನ್ನು ತಯಾರಿಸಿ ಎರಡನ್ನೂ ಹೋಲಿಸಿದರು. ಎರಡೂ ಒಂದೇ ಆಗಿದ್ದವು. ಆವಿಯಾಗಿಸದೆ ದ್ರವರೂಪದಲ್ಲಿಯೇ ಬೇರ್ಪಡಿಸುವ ಮತ್ತೊಂದು ವಿಧಾನದಿಂದ ಅದು ಸಿಕ್ಕಿಬಿದ್ದಿತು. ಹಿಂದೆ ನಿರ್ದೋಷವೆಂದು ಬದಿಗಿಟ್ಟಿದ್ದ ಸೀಸೆಗಳನ್ನು ಮತ್ತೆ ತೆರೆದಾಗ ಕೆಲವರ ಬಣ್ಣ ಬಯಲಾಯಿತು. ಈಗ ಮಾದರಿಗಳನ್ನು ಹತ್ತು ವರ್ಷಗಳವರೆಗೆ ಕಾಪಿಟ್ಟು ಮರುಪರೀಕ್ಷಿಸಲು ನಿಯಮವೇ ಅವಕಾಶ ನೀಡಿದೆ.

ಸಿರಿಂಜು ಕಳುಹಿಸಿದವನು ಟ್ರೆವರ್ ಗ್ರಹಾಂ ಎಂಬುದು 2004ರಲ್ಲಿ ಹೊರಬಿದ್ದಿತು. ಅವನೇನೂ ಧರ್ಮಾತ್ಮನಲ್ಲ, ಇದೇ ಪ್ರಕರಣದ ತನಿಖೆಯಲ್ಲಿ ಸುಳ್ಳು ಹೇಳಿದುದಕ್ಕಾಗಿ 2008ರಲ್ಲಿ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ಸಾರಿತು. ಆದರೂ ಅವನ ಸಿರಿಂಜು ಬಾರದಿದ್ದರೆ ಆ ಮದ್ದು ಇನ್ನೆಷ್ಟು ಕಾಲ ಅಡಗಿರುತ್ತಿತ್ತೋ ಹೇಳಲಾಗದು.

ಗ್ರಹಾಮನ ಬಳಿ ತರಬೇತಿ ಪಡೆದವರಲ್ಲಿ ಮರಿಯನ್ ಜೋನ್ಸ್ ಒಬ್ಬಳು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ, ಎರಡು ಕಂಚು ಗೆದ್ದ ಆಕೆಯ ಮೇಲೆ ಅಲ್ಲಿನ ಪರೀಕ್ಷೆಗಳು ಯಾವ ದೋಷವನ್ನೂ ಹೊರಿಸಿರಲಿಲ್ಲ. 2007ರಲ್ಲಿ ಆಕೆ ತಾನೇ ತಪ್ಪೊಪ್ಪಿಕೊಂಡು ಐದೂ ಪದಕಗಳನ್ನು ಹಿಂದಿರುಗಿಸಿದಳು. ಆಗ ಇನ್ನೊಬ್ಬಳ ನೆನಪಾಯಿತು. 200 ಮೀಟರ್ ಓಟದಲ್ಲಿ ಎರಡನೆಯವಳಾಗಿ ಬಂದಿದ್ದ ಬಹಾಮಾಸ್ ದ್ವೀಪಗಳ ಪಾಲೀನ್ ಡೇವಿಸ್ ಥಾಂಪ್ಸನ್ನಳಿಗೆ ಅಂದು ಮೂವತ್ತನಾಲ್ಕು ವರ್ಷ. ಸಲ್ಲಬೇಕಾಗಿದ್ದ ಚಿನ್ನ ಆಕೆಯದೆಂದು ತೀರ್ಮಾನವಾದುದು 2009ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಸಿಡ್ನಿಯ ಜನಸಂದಣಿಯಾಗಲಿ, ಮೊಳಗಬೇಕಾಗಿದ್ದ ರಾಷ್ಟ್ರಗೀತೆಯಾಗಲಿ ಎಲ್ಲಿಂದ ಬರಬೇಕು?

100 ಮೀಟರ್ ಓಟದ ಚಿನ್ನವನ್ನಂತೂ ಯಾರಿಗೂ ಕೊಡಲಿಲ್ಲ. ಎರಡನೆಯವಳಾಗಿದ್ದ ಗ್ರೀಸಿನ ಓಟಗಾರ್ತಿ 2004ರಲ್ಲಿ ಪರೀಕ್ಷೆಯನ್ನೇ ತಪ್ಪಿಸಿಕೊಂಡಿದ್ದಳು. ಸಿಡ್ನಿಯ ಆ ಓಟದ ಫಲಿತಾಂಶದಲ್ಲಿ ಮೊದಲ ಸ್ಥಾನ ಇಂದಿಗೂ ಬರಿದಾಗಿದೆ.