ಎಪ್ಪತ್ತು ಹುಣಸೆಬೀಜ

ನಮ್ಮ ಶಿಕ್ಷಕಿಯರ ಭಿಶಿ ತಿಂಗಳ ಎರಡನೆಯ ರವಿವಾರ ಕೂಡುತ್ತದೆ. ಚೀಟಿ ಎತ್ತುವುದು ಐದು ನಿಮಿಷದ ಕೆಲಸ. ಅವಲಕ್ಕಿ, ಚಹಾ, ಸೊಸೆಯಂದಿರ ಸುದ್ದಿ ಮುಗಿದ ಮೇಲೆ ಏನಾದರೂ ಆಟ ಬೇಕು. ಹೌಸಿ ಆಡಿ ಆಡಿ ಎಲ್ಲರಿಗೂ ಸಾಕಾಗಿತ್ತು. ಅಂಕಿ ಕೂಗುವವಳ ಗಂಟಲು ಬಿಟ್ಟರೆ ಅದರಲ್ಲಿ ಯಾರ ಜಾಣತನಕ್ಕೂ ಕೆಲಸವಿಲ್ಲ. ಆ ಸಲ ಭಿಶಿ ನಮ್ಮ ಮನೆಯಲ್ಲಿತ್ತು. ನಾನು ಒಳಗಿನಿಂದ ನಮ್ಮ ಆಯಿಯ ಅಳಗುಳಿಮಣೆ ತಂದು ಟೀಪಾಯಿಯ ಮೇಲಿಟ್ಟೆ.

"ಅಯ್ಯ, ಇದೇನ್ರಿ ಅಕ್ಕೋರ, ಪಡ್ಡಿನ ಹಂಚು ತಂದ್ರಿ?" ಎಂದಳು ಗಣಿತ ಕಲಿಸುವ ಗೆಳತಿ.

"ಇದರಾಗ ಹಿಟ್ಟ ಹಾಕೂದಲ್ರಿ, ಲೆಕ್ಕಾ ಹಾಕೂದು. ಬರ್ರಿ, ಕೂಡ್ರಿ" ಎಂದೆ.

ಈ ಆಟವನ್ನು ಕಂಡಕಂಡವರಿಗೆ ಹೇಳುವುದು ಈಚೆಗೆ ನನ್ನ ಚಟವಾಗಿದೆ. ಕೆಲವರು ಮಗಳಿಗೆ ವರ ಹೇಳುತ್ತಾರೆ, ಕೆಲವರು ಮೊಳಕಾಲು ನೋವಿಗೆ ಎಣ್ಣೆ ಹೇಳುತ್ತಾರೆ. ನಾನು ಅಳಗುಳಿಮಣೆ ಹೇಳುತ್ತೇನೆ.

ಈ ಮಣೆ ಆಯಿ ಹುಕ್ಕೇರಿಯ ತವರಿನಿಂದ ತಂದದ್ದು. ನಡುವೆ ಹಿತ್ತಾಳೆಯ ಬಿಜಾಗರಿ. ಮಡಚಿದರೆ ದಪ್ಪನೆಯ ಪುಸ್ತಕ. ಬಿಚ್ಚಿದರೆ ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ. ನಾವು ಆಗ ಗೋಕಾಕ ಫಾಲ್ಸಿನಲ್ಲಿ ಮಿಲ್ಲಿನ ಚಾಳಿನಲ್ಲಿದ್ದೆವು. 1885ರಲ್ಲಿ ಹುಟ್ಟಿದ ಆ ನೂಲಿನ ಗಿರಣಿಯ ಭೋಂಗಾ ನಮ್ಮೆಲ್ಲರ ಗಡಿಯಾರ. ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿದರೆ ಮಕ್ಕಳು ಸಪ್ಪಳ ಮಾಡುವಂತಿರಲಿಲ್ಲ. ಆಯಿ ಕೌದಿಯ ಮೇಲೆ ಮಣೆ ಇಟ್ಟು ನನ್ನನ್ನು ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಕೇಳುತ್ತಿದ್ದದ್ದು ಬೀಜ ಗುಳಿಗೆ ಬೀಳುವ ಟಕ್ ಟಕ್ ಅಷ್ಟೇ. ಮಳೆಗಾಲದಲ್ಲಿ 171 ಅಡಿ ಮೇಲಿನಿಂದ ಧುಮುಕುವ ಘಟಪ್ರಭೆಯ ಮೊರೆತದಲ್ಲಿ ಅದೂ ಕೇಳುತ್ತಿರಲಿಲ್ಲ.

ಆಡುವ ರೀತಿ ಊರಿಗೊಂದು. ಕೆಲವರು ಗುಳಿಗೆ 4 ಬೀಜ ಹಾಕುತ್ತಾರೆ. ನಮ್ಮ ಮನೆಯಲ್ಲಿ 5, ಒಟ್ಟು 70. ನಿಮ್ಮ ಸಾಲಿನ ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಬಿತ್ತಬೇಕು. ಹಾಗೆ ಹೋಗುವಾಗ ಮುಂದಿನ ಗುಳಿ ಖಾಲಿ ಸಿಕ್ಕರೆ ಅದರಾಚೆಯ ಗುಳಿಯಲ್ಲಿದ್ದದ್ದು ನಿಮ್ಮದು. ಅಲ್ಲಿಗೆ ನಿಮ್ಮ ಪಾಳಿ ಮುಗಿಯಿತು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ 43, ನಿಮ್ಮ ಹತ್ತಿರ 27 ಇವೆ ಅನ್ನಿ. ನೀವು 5 ಗುಳಿ ತುಂಬಬಹುದು, 2 ಬೀಜ ಕೈಯಲ್ಲಿ ಉಳಿಯುತ್ತವೆ. ಉಳಿದ ಎರಡು ಗುಳಿ ಆ ಆಟಕ್ಕೆ ಬೀಳು. ಇಷ್ಟೇ ಲೆಕ್ಕ. ಆದರೆ ಯಾವ ಗುಳಿ ಎತ್ತಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಎತ್ತುವ ಮೊದಲೇ ಕಾಣಬೇಕು. ಅಲ್ಲಿರುವುದು ಬುದ್ಧಿ.

ಕರಾವಳಿಯವರು ಇದನ್ನು ಚೆನ್ನೆಮಣೆ ಎನ್ನುತ್ತಾರೆ, ಆಟಿ ತಿಂಗಳ ಮಳೆಯಲ್ಲಿ ಆಡುತ್ತಾರೆ. ತಮಿಳರಿಗೆ ಪಲ್ಲಾಂಗುಳಿ. ಇಂಡೋನೇಷ್ಯಾದಲ್ಲಿ, ಆಫ್ರಿಕಾದ ಹಲವು ದೇಶಗಳಲ್ಲಿ ಇದರ ಅಕ್ಕತಂಗಿಯರಿದ್ದಾರೆ. ಅಕ್ಕತಂಗಿಯರೆಂದಾಗ ನೆನಪಾಯಿತು. ತುಳುನಾಡಿನ ಸಿರಿಯ ಕಥೆಯಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು, ಮಣೆಯ ಏಟಿಗೆ ಒಬ್ಬಳ ಪ್ರಾಣವೇ ಹೋಗುತ್ತದೆ. ಆಟವನ್ನು ಹೇಳುವವಳು ಇದನ್ನೂ ಹೇಳಬೇಕು. ಅಳಗುಳಿಮಣೆಯಲ್ಲಿ ಸಿಟ್ಟೂ ಬರುತ್ತದೆ.

ಮಣೆ ಬಹಳ ವರ್ಷ ಅಟ್ಟದ ಮೇಲಿತ್ತು. ಅದನ್ನು ಇಳಿಸಿದ್ದು 2019ರ ಆಗಸ್ಟಿನಲ್ಲಿ. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಊರೊಳಗೆ ನೀರು ನುಗ್ಗಿದಾಗ, ನನ್ನೊಬ್ಬ ಹಳೆಯ ಗೆಳತಿ ಉಟ್ಟ ಸೀರೆಯಲ್ಲಿ ನಮ್ಮ ಮನೆಗೆ ಬಂದಳು. ಎಂಟು ದಿನ ಇದ್ದಳು. ಮೊದಲ ಎರಡು ದಿನ ಗೋಡೆ ನೋಡುತ್ತ ಕುಳಿತಿದ್ದಳು. ಸಮಾಧಾನ ಹೇಳಿ ಹೇಳಿ ನನ್ನ ಮಾತು ಮುಗಿದವು. ಮೂರನೆಯ ದಿನ ಏನೂ ಹೇಳದೆ ಮಣೆ ತಂದಿಟ್ಟೆ. ಅವಳು ಸೋಲುತ್ತ ಸೋಲುತ್ತ ಎರಡೇ ಗುಳಿಗೆ ಬಂದಳು. "ಬಿಡು, ಸಾಕು" ಎಂದೆ. "ಇರವಾ, ಇನ್ನೂ ಎರಡದಾವಲ್ಲ" ಎಂದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. ಆ ಸಂಜೆ ಅವಳು ಗೆದ್ದಳೆಂದು ಬರೆದರೆ ಚೆನ್ನಾಗಿರುತ್ತಿತ್ತು, ಗೆಲ್ಲಲಿಲ್ಲ. ಆದರೆ ಮರುದಿನ ತಾನೇ ಮಣೆ ಬಿಚ್ಚಿದಳು.

ಭಿಶಿಯ ದಿನವೂ ಆಟ ಕಳೆಯೇರಿತು. ಪಡ್ಡಿನ ಹಂಚೆಂದವಳೇ ಮೂರು ಸಲ ಆಡಿದಳು. ಎದ್ದುಹೋಗುವ ಹೊತ್ತಿಗೆ ನಾನು ವಾಡಿಕೆಯಂತೆ ಬೀಜ ಎಣಿಸಿದೆ. 69. ದಿವಾನದ ಕೆಳಗೆ, ಚಾಪೆಯ ಕೆಳಗೆ ಹುಡುಕತೊಡಗಿದೆ.

"ಹುಣಸಿ ಬೀಜ ಅಲ್ಲೇನ್ರಿ! ನಾಳೆ ಒಂದ ಸೇರು ತಂದ ಕೊಡತೇನಿ, ಏಳ್ರಿ" ಎಂದು ಎಲ್ಲರೂ ನಕ್ಕರು.

ಆಗ ಹೇಳಬೇಕಾಯಿತು. 1998ರಲ್ಲಿ, ಗಣಿತದವರು ರಜೆಯಲ್ಲಿದ್ದಾಗ ಒಂದು ತಿಂಗಳು ಎಂಟನೆಯ ತರಗತಿಗೆ ನಾನೇ ಲೆಕ್ಕ ಹೇಳುತ್ತಿದ್ದೆ. ಭಾಗಾಕಾರ ಬಾರದ ಒಬ್ಬ ಹುಡುಗಿ ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದಳು. ಒಂದು ದಿನ ನಾನು ಬೋರ್ಡಿನಿಂದ ತಿರುಗಿ ನೋಡಿದರೆ ಅವಳು ನೆಲದ ಮೇಲೆ ಖಡುವಿನಿಂದ 14 ಮನೆ ಬರೆದು ಗೆಳತಿಯ ಜೊತೆ ಆಡುತ್ತಿದ್ದಾಳೆ. ನನಗೆ ಗೊತ್ತಿರದ ಆಟವೇ? ಆದರೂ ಅವಳ ಬೀಜದ ಚೀಲ ಕಸಿದುಕೊಂಡೆ. "ಲೆಕ್ಕಾ ಬರೂದಿಲ್ಲ, ಇದು ಬರತೈತಿ. ನಾಳೆ ನಿಮ್ಮಪ್ಪನ್ನ ಕರಕೊಂಡ ಬಾ" ಎಂದೆ.

ಅವಳು ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಮದುವೆ ಮೊದಲೇ ನಿಶ್ಚಯವಾಗಿತ್ತು, ಹೇಗೂ ಬಿಡಿಸುವವರಿದ್ದರು ಎಂದು ಗೆಳತಿಯರು ಹೇಳಿದರು. ನಿಜವಿರಬಹುದು. ನಾನೂ ಆಗ ಯಾರ ಮನೆಗೂ ಹೋಗಿ ಕೇಳಲಿಲ್ಲ. ಇನ್ನೊಂದು ಮಾತನ್ನೂ ಆ ಗೆಳತಿಯರೇ ಹೇಳಿದರು: "ಅಕಿ ಗುಳಿ ನೋಡಿದ ಕೂಡ್ಲೆ ಎಲ್ಲಿ ಮುಗೀತೈತಿ ಅಂತ ಹೇಳತಿದ್ಲರಿ. ಅಕಿನ್ನ ಯಾರೂ ಸೋಲಸಿದ್ದಿಲ್ಲ." ಕೈಯಲ್ಲಿ ಒಂಬತ್ತು ಬೀಜ ಹಿಡಿದು ಅವು ಎಲ್ಲಿ ಮುಗಿಯುತ್ತವೆಂದು ಕಾಣುವವಳಿಗೆ ಭಾಗಾಕಾರ ಬಾರದೆಂದರೆ, ಬಾರದ್ದು ಯಾರಿಗೆ? ಬಿ.ಎ., ಬಿ.ಎಡ್. ಮಾಡಿದ ನನಗೆ ಆ ಪ್ರಶ್ನೆ ಹೊಳೆದದ್ದು ತಡವಾಗಿ. ಚೀಲ ಬಿಚ್ಚಿ ಎಣಿಸಿದ್ದೆ. ಸರಿಯಾಗಿ 70 ಬೀಜ ಇದ್ದವು.

ಯಾರೂ ಮಾತಾಡಲಿಲ್ಲ. ಗಣಿತದ ಗೆಳತಿ ಹೆಗಲ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಮೊಳಕಾಲು ನೋವನ್ನೂ ಮರೆತು ದಿವಾನದ ಕೆಳಗೆ ಕೈ ಹಾಕಿದಳು.

"ಬ್ಯಾಟರಿ ತರ್ರಿ ಅಕ್ಕೋರ" ಎಂದಳು. "ಇಲ್ಲೇ ಇರತೈತಿ, ಎಲ್ಲಿ ಹೋಗತೈತಿ?"