ನಿಂತ ಬೈಸಿಕಲ್ಲಿನ ದಾರಿಯ ಲೆಕ್ಕ

ಪಡಸಾಲೆಯಲ್ಲಿ ಬೈಸಿಕಲ್ಲನ್ನು ನಿಲ್ಲಿಸಿಕೊಂಡು, ಅರ್ಧ ಗಂಟೆಯ ಕಾಲ ತುಳಿದು, ಒಂದಂಗುಲವೂ ಮುಂದೆ ಹೋಗದೆ ಇಳಿದು, “ಈ ದಿನ ಹತ್ತು ಕಿಲೋಮೀಟರು ಆಯಿತು” ಎಂದು ಹೇಳಿಕೊಳ್ಳುವವರು ಈಗ ನಮ್ಮ ಕಡೂರಿನಂತಹ ಊರುಗಳಲ್ಲಿಯೂ ಇದ್ದಾರೆ. ಅವರಲ್ಲಿ ನಾನೂ ಒಬ್ಬನು. ಅರವತ್ತು ತುಂಬಿದವನಿಗೆ ಹೆದ್ದಾರಿಯ ಲಾರಿಗಳ ನಡುವೆ ತುಳಿಯುವುದಕ್ಕಿಂತ ಇದು ಕ್ಷೇಮಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹತ್ತು ಕಿಲೋಮೀಟರನ್ನು ಅಳೆದವರು ಯಾರು ಎಂಬ ಪ್ರಶ್ನೆಯನ್ನು ವಾಚಕ ಮಹಾಶಯರು ಒಮ್ಮೆ ಕೇಳಿಕೊಳ್ಳುವುದು ಅವಶ್ಯ. ಕೇಳಿಕೊಳ್ಳದಿದ್ದರೆ ಆಗುವ ಹಾನಿಯು ಲೆಕ್ಕದ ಹಾನಿ ಮಾತ್ರವಲ್ಲ.

ಅಜ್ಜಂಪುರದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದ್ದಾರೆ. ತರೀಕೆರೆಯಲ್ಲಿ ನಾವಿಬ್ಬರೂ ಬಹುಕಾಲ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಅಡಕೆಯ ತೋಟಗಳ ನಡುವಣ ದಾರಿಯಲ್ಲಿ ಒಟ್ಟಿಗೆ ಬೈಸಿಕಲ್ಲು ತುಳಿದವರು. ಅವರಿಗೆ ಹೃದಯದ ಬೇನೆ ಕಾಣಿಸಿಕೊಂಡು ಚಿಕಿತ್ಸೆಯಾದ ತರುವಾಯ, ವೈದ್ಯರು ದಿನಕ್ಕೆ 20 ನಿಮಿಷ, ಉಸಿರು ಕಟ್ಟದಂತೆ, ಮೆಲ್ಲನೆ ತುಳಿಯಬೇಕೆಂದು ವಿಧಿಸಿದರು. ಬೆಂಗಳೂರಿನಲ್ಲಿರುವ ಮಗನು ಒಂದು ಯಂತ್ರವನ್ನು ಕೊಂಡು ಕಳುಹಿಸಿದನು. ಆಸ್ಪತ್ರೆಯ ಯಂತ್ರದಲ್ಲಿ 20 ನಿಮಿಷಕ್ಕೆ 7 ಕಿಲೋಮೀಟರನ್ನು ಮೀರುತ್ತಿದ್ದ ಲೆಕ್ಕವು ಮನೆಯ ಯಂತ್ರದಲ್ಲಿ 5ನ್ನು ಕೂಡ ಮುಟ್ಟಲಿಲ್ಲ. ತಮ್ಮ ಶಕ್ತಿಯೇ ಕುಂದಿತೆಂದು ಬಗೆದು, ಅವರು ಆ 7ನ್ನು ಮುಟ್ಟಿಯೇ ತೀರಬೇಕೆಂದು ಹಟ ಹಿಡಿದರು. ಒಂದು ದಿನ ಅವರ ಸೊಸೆಯು ನನಗೆ ಫೋನು ಮಾಡಿ, “ಮೇಷ್ಟ್ರೇ, ಮಾವನವರು ಏದುಸಿರು ಬಿಡುತ್ತಾ ತುಳಿಯುತ್ತಾರೆ. ನಮ್ಮ ಮಾತು ನಡೆಯುವುದಿಲ್ಲ. ನೀವು ಹೇಳಿದರೆ ಕೇಳಿಯಾರು” ಎಂದಳು. ಮರುದಿನವೇ ಬೀರೂರಿನ ಮೇಲೆ ಹೋಗುವ ರೈಲು ಹತ್ತಿದೆನು.

ಅಲ್ಲಿ ನಡೆದುದನ್ನು ಹೇಳುವ ಮೊದಲು ಲೆಕ್ಕದ ತತ್ತ್ವವನ್ನು ತಿಳಿಸಬೇಕು. ಬೈಸಿಕಲ್ಲಿನ ಮೀಟರು ದಾರಿಯನ್ನು ನೋಡುವುದಿಲ್ಲ. ಚಕ್ರದ ಕಡ್ಡಿಗೆ ಕಟ್ಟಿದ ಸಣ್ಣ ಅಯಸ್ಕಾಂತವು ಕವಲಿಗೆ ಕಟ್ಟಿದ ಕೀಲಿನ ಮುಂದೆ ಹಾಯ್ದಾಗಲೆಲ್ಲ ಒಂದು ಸುತ್ತೆಂದು ಎಣಿಸಿ, ಆ ಎಣಿಕೆಯನ್ನು ನಾವು ಕೊಟ್ಟ ಪರಿಧಿಯಿಂದ ಗುಣಿಸುತ್ತದೆ. ಅಷ್ಟೇ ಅದರ ವಿದ್ಯೆ. ನಾನು ನನ್ನ ಹಳೆಯ ಬೈಸಿಕಲ್ಲಿನ ಹಿಂದಿನ ಚಕ್ರವನ್ನೇ ಉರುಳೆಯುಳ್ಳ ಒಂದು ಸ್ಟ್ಯಾಂಡಿನ ಮೇಲೆ ಕೂರಿಸಿ ತುಳಿಯುತ್ತೇನೆ. ಮುಂದಿನ ಚಕ್ರವು ಅಲ್ಲಿ ತಿರುಗುವುದೇ ಇಲ್ಲವಾದುದರಿಂದ, ಅದಕ್ಕೆ ಕಟ್ಟಿದ ಮೀಟರು ಸೊನ್ನೆಯನ್ನೇ ತೋರಿಸುವುದು. ಅಯಸ್ಕಾಂತವನ್ನೂ ಕೀಲನ್ನೂ ಹಿಂದಿನ ಚಕ್ರಕ್ಕೆ ವರ್ಗಾಯಿಸತಕ್ಕದ್ದು. ಎರಡರ ನಡುವಣ ಅಂತರವು ಕೆಲವೇ ಮಿಲಿಮೀಟರು ಇರಬೇಕು. ಹೆಚ್ಚಾದರೆ ಸುತ್ತುಗಳು ತಪ್ಪಿಹೋಗಿ ವೇಗದ ಅಂಕವು ನಡುನಡುವೆ ಕುಸಿಯುತ್ತದೆ.

ಇನ್ನು ಪರಿಧಿ. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ವ್ಯಾಸದಿಂದ ಪರಿಧಿಯನ್ನು ತರಲು ಸೂಕ್ಷ್ಮಕ್ಕೆ 3927/1250 ಎಂದೂ, ವ್ಯವಹಾರಕ್ಕೆ 22/7 ಎಂದೂ ಎರಡು ಪ್ರಮಾಣಗಳನ್ನು ಕೊಟ್ಟಿದ್ದಾರೆ. ವ್ಯಾಸವು 70 ಸೆಂಟಿಮೀಟರಾದರೆ ವ್ಯವಹಾರದ ಪರಿಧಿ 220. ಆದರೆ ಸವಾರನ ಭಾರಕ್ಕೆ ಟೈರು ಸ್ವಲ್ಪ ಕುಗ್ಗುವುದರಿಂದ, ಸೂತ್ರಕ್ಕಿಂತ ಸೀಮೆಸುಣ್ಣವೇ ಇಲ್ಲಿ ಮೇಲು. ಟೈರಿಗೂ ನೆಲಕ್ಕೂ ಒಂದೊಂದು ಗೆರೆ ಎಳೆದು, ಮೇಲೆ ಕುಳಿತು, ಮತ್ತೊಬ್ಬರು ಹಿಡಿದಿರಲು ಐದು ಸುತ್ತು ಮುಂದೆ ಸಾಗಿ, ಅಳೆದು, ಐದರಿಂದ ಭಾಗಿಸಬೇಕು. ಪರಿಧಿಯು 220 ಇರುವಲ್ಲಿ ಮೀಟರಿಗೆ 210 ಎಂದು ತಿಳಿಸಿದ್ದರೆ, 22 ಕಿಲೋಮೀಟರಿಗೆ ಸಲ್ಲುವಷ್ಟು ಚಕ್ರ ತಿರುಗಿದರೂ 21 ಎಂದೇ ಬರುವುದು.

ಇಷ್ಟು ತಿದ್ದಿದ ಮೇಲೂ ಅದು ಕಡೂರಿನಿಂದ ಬೀರೂರಿಗೆ ಹೋದುದಕ್ಕೆ ಸಮನಾಗದು. ದಾರಿಯಲ್ಲಿ ಗಾಳಿಯುಂಟು, ಅದರ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ನಿಶ್ಚಲವಾದ ಗಾಳಿಯಲ್ಲಿ ವೇಗವು ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟ್ಮಡಿ. ಪಡಸಾಲೆಯಲ್ಲಿ ಆಷಾಢದ ಗಾಳಿಯೂ ಇಲ್ಲ, ಏರೂ ಇಲ್ಲ.

ಅಜ್ಜಂಪುರದ ಯಂತ್ರದಲ್ಲಿಯಾದರೋ ನೆಲ ಮುಟ್ಟುವ ಚಕ್ರವೇ ಇರಲಿಲ್ಲ. ಒಳಗೆ ಒಂದು ಭಾರವಾದ ಬಿಲ್ಲೆ ತಿರುಗುತ್ತದೆ. ಪೆಡಲಿನ ಒಂದು ಸುತ್ತಿಗೆ ಇಷ್ಟು ಮೀಟರೆಂದು ತಯಾರಿಸಿದವನೇ ನಿಶ್ಚಯಿಸಿರುತ್ತಾನೆ. ನಿಮಿಷಕ್ಕೆ 60 ಸುತ್ತಿನಂತೆ 20 ನಿಮಿಷಕ್ಕೆ 1200 ಸುತ್ತು. ಸುತ್ತಿಗೆ 4 ಮೀಟರೆಂದರೆ 4.8 ಕಿಲೋಮೀಟರು, 6 ಎಂದರೆ 7.2. ತುಳಿದ ಕಾಲು ಅದೇ, ಶ್ರಮವೂ ಅದೇ ಇರಬಹುದು. ಇದನ್ನು ಮಿತ್ರರಿಗೆ ಕಾಗದದ ಮೇಲೆ ಬರೆದು ತೋರಿಸಿದೆನು. ಅನಂತರ ನಾನೇ ಹತ್ತಿ ಕುಳಿತು, ಬಿಗಿಯ ಗುಂಡಿಯನ್ನು ಸಡಿಲಿಸಿ ನಿಮಿಷಕ್ಕೆ 60 ಸುತ್ತು ತುಳಿದೆನು. ಬಳಿಕ ಗುಂಡಿಯನ್ನು ಬಿಗಿದು ಅಷ್ಟೇ ಸುತ್ತು ತುಳಿದೆನು. ಎರಡನೆಯ ಸಲ ತೊಡೆಗಳು ಉರಿದವು. ವೇಗದ ಅಂಕವು ಮಾತ್ರ ಕದಲಲಿಲ್ಲ.

“ಹಾಗಾದರೆ ಇದು ಹೇಳುವುದು ಸುಳ್ಳೇ, ಮೇಷ್ಟ್ರೇ?” ಎಂದರು ಮಿತ್ರರು.

“ಸುತ್ತಿನ ಎಣಿಕೆ ನಿಜ, ರಾಯರೇ. ಕಿಲೋಮೀಟರೆಂಬ ಹೆಸರು ಅದರ ಮೇಲಿನ ಆರೋಪ. ಆರ್ಯಭಟನು ಪರಿಧಿಯ ಪ್ರಮಾಣವನ್ನು ಹೇಳುವಾಗ, ಅದು ‘ಆಸನ್ನ’, ಎಂದರೆ ಸಮೀಪದ್ದು ಮಾತ್ರ, ಎಂದು ತಾನೇ ಸೂಚಿಸಿದ್ದಾನೆ. ಈ ಯಂತ್ರಕ್ಕೆ ಅಷ್ಟು ವಿನಯವಿಲ್ಲ” ಎಂದೆನು. ಅವರು ನಕ್ಕರು, ಸೊಸೆಯೂ ಬಾಗಿಲ ಬಳಿ ನಿಂತು ನಕ್ಕಳು.

ಆದಕಾರಣ ಮನೆಯೊಳಗೆ ತುಳಿಯುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು. ಒಂದು ಯಂತ್ರದ ಅಂಕವನ್ನು ಮತ್ತೊಂದರ ಅಂಕದೊಡನೆ, ನಿಮ್ಮ ಅಂಕವನ್ನು ನೆರೆಯವರ ಅಂಕದೊಡನೆ ಹೋಲಿಸಬೇಡಿರಿ. ಅದೇ ಯಂತ್ರ, ಗುಂಡಿಯ ಅದೇ ಗುರುತು ಇದ್ದರೆ, ನಿನ್ನೆಯದನ್ನು ಇಂದಿನದರೊಡನೆ ಹೋಲಿಸಬಹುದು. ಶ್ರಮವನ್ನೇ ಅಳೆಯಬೇಕೆನ್ನುವವರಿಗೆ ಪೆಡಲಿನಲ್ಲಿಯೋ ಅಚ್ಚಿನಲ್ಲಿಯೋ ಬಲವನ್ನು ಅಳೆದು ವಾಟ್ ಲೆಕ್ಕದಲ್ಲಿ ತಿಳಿಸುವ ಸಾಧನಗಳಿವೆ, ಅವು ದುಬಾರಿ. ಮಿಕ್ಕವರಿಗೆ ಗಡಿಯಾರವೂ ನಾಡಿಯೂ ಸಾಕು. ತುಳಿಯುತ್ತಿರುವಾಗ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಆಡಲು ಸಾಧ್ಯವಾದರೆ ಶ್ರಮವು ಮಿತದಲ್ಲಿದೆಯೆಂದು ತಿಳಿಯಬಹುದು. ಹೃದ್ರೋಗವುಳ್ಳವರು ತಮ್ಮ ಮಿತಿಯನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.

ಮಿತ್ರರು ಈಗ ಒಂದು ನೋಟುಪುಸ್ತಕವನ್ನಿಟ್ಟಿದ್ದಾರೆ. ಅದರಲ್ಲಿ ನಿಮಿಷ, ಗುಂಡಿಯ ಗುರುತು, ಸುತ್ತು ಎಂಬ ಮೂರು ಕಲಮುಗಳನ್ನು ಅವರು ತುಂಬುತ್ತಾರೆ. ನಾಲ್ಕನೆಯದನ್ನು ತುಂಬುವವಳು ಸೊಸೆ: ತುಳಿಯುವಾಗ ತಾನು ಕೇಳಿದ ಮಾತಿಗೆ ಮಾವನವರು ಸರಾಗವಾಗಿ ಉತ್ತರ ಕೊಟ್ಟರೋ ಇಲ್ಲವೋ ಎಂದು ಅವಳು ಅದರಲ್ಲಿ ಬರೆಯುತ್ತಾಳೆ. ಯಂತ್ರದ ಮುಖದಲ್ಲಿ ಕಿಲೋಮೀಟರು ಕಾಣುವೆಡೆಗೆ ಅವಳೇ ಒಂದು ತುಂಡು ಕಾಗದವನ್ನು ಅಂಟಿಸಿದ್ದಾಳೆ.