ಸಂಜೆಗೆ ವಾಪಸ್ ಬರ್ತೀವಲ್ಲ!

ಹಿಮಾಲಯಕ್ಕೆ ಹೊರಟವರ ಸಡಗರ ನೋಡಬೇಕು. ತಿಂಗಳುಗಟ್ಟಲೆ ಮೊದಲೇ ಲಾಲ್‌ಬಾಗಿನಲ್ಲಿ ಓಟ, ಡಾಕ್ಟರ ಸರ್ಟಿಫಿಕೇಟು, ಉಣ್ಣೆಯ ಕಾಲುಚೀಲ, ವಿಮೆ, ಹೊರಡುವ ಹಿಂದಿನ ದಿನ ಮನೆದೇವರಿಗೊಂದು ಮುಡಿಪು. ಅದೇ ಮಂದಿ ಭಾನುವಾರ ಸಾವನದುರ್ಗಕ್ಕೋ ಕುಮಾರಪರ್ವತಕ್ಕೋ ಹೊರಟರೆ ಅರ್ಧ ಬಾಟಲಿ ನೀರು, ಒಂದು ಪೊಟ್ಟಣ ಚಿಪ್ಸು, ಚಾರ್ಜು ಮುಗಿಯುತ್ತ ಬಂದ ಮೊಬೈಲು. ಕೇಳಿದರೆ, ‘ಸಂಜೆಗೆ ವಾಪಸ್ ಬರ್ತೀವಲ್ಲ!’ ಈ ವಿಷಯವನ್ನು ಬೆಟ್ಟಕ್ಕೆ ಯಾರೂ ತಿಳಿಸಿರುವುದಿಲ್ಲ, ಅಷ್ಟೇ ತೊಂದರೆ.

2022ರ ಫೆಬ್ರುವರಿಯಲ್ಲಿ ಪಾಲಕ್ಕಾಡಿನ ಮಲಂಪುಳದ ಹತ್ತಿರ ಬೆಟ್ಟದಲ್ಲಿ ಜಾರಿದ ಹುಡುಗನೊಬ್ಬ ಬಂಡೆಯ ಸಂದಿನಲ್ಲಿ ಎರಡು ದಿನ ಕೂತಿದ್ದ. ಕೊನೆಗೆ ಸೇನೆಯವರು ಹಗ್ಗ ಇಳಿಬಿಟ್ಟು ಮೇಲೆತ್ತಿದರು. ಅದೇ ತಿಂಗಳು ನಮ್ಮ ನಂದಿಬೆಟ್ಟದ ಪಕ್ಕದಲ್ಲೇ ಸುಮಾರು 300 ಅಡಿ ಕೆಳಗೆ ಜಾರಿದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರು ಎತ್ತಿ ತಂದಿತು. ಇಬ್ಬರೂ ಹಾಸಿಗೆ ಕಟ್ಟಿಕೊಂಡು ಹೊರಟವರಲ್ಲ.

ಆದರೆ ಹೆಲಿಕಾಪ್ಟರ್ ಕಥೆ ಹೇಳಿ ನಿಮ್ಮನ್ನು ಹೆದರಿಸಬೇಕೆಂದಿಲ್ಲ. ಬೆಟ್ಟದಲ್ಲಿ ಸಾಮಾನ್ಯವಾಗಿ ಆಗುವುದು ಪೇಪರಿನಲ್ಲಿ ಬರುವಂಥದ್ದಲ್ಲ. ಕಾಲು ಉಳುಕುವುದು. ಅದೂ ಇಳಿಯುವಾಗ. ಮಂಡಿ ಸೋತಿರುತ್ತದೆ, ಮನಸ್ಸು ಆಗಲೇ ಕುಮಾರಪರ್ವತದ ದಾರಿಯ ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಸಾಂಬಾರಿಗೆ ಎಲೆ ಹಾಕಿ ಕೂತಿರುತ್ತದೆ, ಪಾದ ಮಾತ್ರ ಉರುಟು ಕಲ್ಲಿನ ಮೇಲೆ. ಉಳುಕಿದ ಕೂಡಲೇ ಗುಂಪಿನಲ್ಲೊಬ್ಬ ವೈದ್ಯ ಹುಟ್ಟುತ್ತಾನೆ. ‘ನಮ್ಮಜ್ಜಿ ಉಳುಕು ತೆಗೀತಿದ್ರು, ಕಾಲು ಕೊಡಿ ಇಲ್ಲಿ’ ಎಂದು ಹಿಡಿದು ಎಳೆಯಲು ಬರುತ್ತಾನೆ. ಇನ್ನೊಬ್ಬ ತಾನು ಕಾಲು ಮುಂದಾಗಿ ಹುಟ್ಟಿದವನು, ಒದ್ದರೆ ಉಳುಕು ಬಿಡುತ್ತದೆಂದು ಒದೆಯಲು ತಯಾರಾಗುತ್ತಾನೆ. ಇಬ್ಬರನ್ನೂ ದೂರ ಕೂರಿಸಿ. ಒಳಗೆ ಎಲುಬು ಬಿರುಕು ಬಿಟ್ಟಿದ್ದರೆ ಆ ಎಳೆತದಿಂದ ಅದು ಪೂರ್ತಿ ಕೆಡುತ್ತದೆ.

ಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಕ್ರೇಪ್ ಬ್ಯಾಂಡೇಜು. ಕಾಲ್ಬೆರಳುಗಳ ಬುಡದಿಂದ ಶುರುಮಾಡಿ, ಪಾದದ ಮೇಲೆ ಓರೆಯಾಗಿ ಹಾಯಿಸಿ, ಕಾಲಿನ ಗಂಟಿನ ಹಿಂದಿನಿಂದ ಸುತ್ತಿ ಮತ್ತೆ ಪಾದದಡಿಗೆ ತರಬೇಕು. ಇಂಗ್ಲಿಷಿನ ಎಂಟು ಬರೆದಂತೆ ಸುತ್ತು ಬರುತ್ತದೆ. ಆಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಗಾಗಬೇಕು. ಆಗದಿದ್ದರೆ ನಿಮ್ಮ ಉತ್ಸಾಹ ಜಾಸ್ತಿಯಾಗಿದೆ, ಸಡಿಲಿಸಿ. ಬ್ಯಾಂಡೇಜಿನ ಜೊತೆಗೆ ನನ್ನ ಚೀಲದಲ್ಲಿ ಒಂದು ಹಳೇ ಪಂಚೆಯೂ ಇರುತ್ತದೆ. ಹುಡುಗರು ನಗುತ್ತಾರೆ, ನಗಲಿ. ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ಮುರಿದ ಕೈಯನ್ನು ಕೊರಳಿಗೆ ತೂಗುಹಾಕಬಹುದು, ಹರಿದರೆ ಪಟ್ಟಿ, ಬಿಸಿಲಿಗೆ ಮುಂಡಾಸು. ಏನೂ ಆಗದಿದ್ದರೆ ಹೊಳೆಯಲ್ಲಿ ಮಿಂದು ಉಟ್ಟುಕೊಳ್ಳಬಹುದು. ಈ ಕೊನೆಯ ಗುಣ ಕ್ರೇಪ್ ಬ್ಯಾಂಡೇಜಿಗೆ ಇಲ್ಲ.

ಕಾಲು ಉಳುಕಿತೆಂದರೆ ನಿಜವಾಗಿ ಕೆಡುವುದು ಕಾಲಲ್ಲ, ಹೊತ್ತು. ಎರಡು ಗಂಟೆಯ ಇಳಿತ ಐದು ಗಂಟೆಯಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗಾದರೂ ಘಟ್ಟದ ಕಾಡಿನೊಳಗೆ ಅದಕ್ಕೆ ಮೊದಲೇ ಕತ್ತಲು. ‘ಮೊಬೈಲಿನಲ್ಲಿ ಲೈಟ್ ಇದೆಯಲ್ಲ’ ಎನ್ನುವವರಿಗೆ ಉತ್ತರ: ಇದೆ, ಬ್ಯಾಟರಿ ಮುಗಿಯುವವರೆಗೆ. ಆಮೇಲೆ ಬೆಳಕೂ ಇಲ್ಲ, ಫೋನೂ ಇಲ್ಲ. ಸುಬ್ರಹ್ಮಣ್ಯದ ಕಡೆಯ ಹಿರಿಯರೊಬ್ಬರು ಮಧ್ಯಾಹ್ನ ಏದುಸಿರು ಬಿಡುತ್ತ ಹತ್ತುತ್ತಿದ್ದ ಗುಂಪಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಟಾರ್ಚ್ ಉಂಟಾ ಮಾರಾಯ್ರೇ? ಇಲ್ಲದಿದ್ರೆ ಇಲ್ಲಿಂದ್ಲೇ ತಿರುಗಿ.’ ಯಾರೂ ತಿರುಗಲಿಲ್ಲ. ಇಷ್ಟು ದೂರ ಬಂದು ತುದಿ ಮುಟ್ಟದೆ ಹೋದರೆ ಫೋಟೊ ಏನಾಗಬೇಕು? ಎಷ್ಟು ಗಂಟೆಗೆ ಎಲ್ಲಿದ್ದರೂ ಸರಿ ಹಿಂತಿರುಗುವುದು ಎಂದು ಬುಡದಲ್ಲೇ ಮಾತಾಡಿಕೊಂಡು ಹತ್ತುವ ಗುಂಪು ಸಿಕ್ಕರೆ ಅವರ ಸಹವಾಸ ಬಿಡಬೇಡಿ.

ಇನ್ನು ಇಂಬಳ. ಅದಕ್ಕೆ ನಮ್ಮ ಪೇಟೆಯವರು ಕೊಡುವಷ್ಟು ಮರ್ಯಾದೆಯನ್ನು ಹುಲಿಗೂ ಕೊಡುವುದಿಲ್ಲ. ಉಪ್ಪು, ಸುಣ್ಣ, ನಶ್ಯ, ಹೊಗೆಸೊಪ್ಪಿನ ನೀರು ಎಂದು ಒಂದು ಕಿರಾಣಿ ಅಂಗಡಿಯನ್ನೇ ಹೊತ್ತು ಬರುತ್ತಾರೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಅದು ಬಿದ್ದುಹೋದ ಮೇಲೂ ಕಾಲುಚೀಲ ಕೆಂಪಾಗುತ್ತಲೇ ಇರುತ್ತದೆ. ನೋಡಲು ಘೋರ; ತೊಳೆದು ಬಟ್ಟೆ ಒತ್ತಿ ಹಿಡಿದರೆ ಮುಗಿಯಿತು. ಹೆದರಬೇಕಾದದ್ದು ಕಣ್ಣಿಗೆ ಬೀಳದ ಉಣುಗಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಮಳೆ ನಿಂತು ನಾವು ಬೆಟ್ಟಕ್ಕೆ ಹೊರಡುವ ಹೊತ್ತಿಗೇ ಸರಿಯಾಗಿ. ತರಗೆಲೆಯ ಮೇಲೆ ಕೂರಬೇಡಿ. ಬಂದ ಮೇಲೆ ವಾರದೊಳಗೆ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಹೇಳಿ.

ಹಾವಿನ ವಿಷಯದಲ್ಲಿ ಸಿನಿಮಾ ನಮ್ಮನ್ನು ಕೆಡಿಸಿದೆ. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಭಾಗ ಅಲುಗಾಡದಂತೆ ಇರಿಸಿ, ನಡೆಸದೆ ಹೊತ್ತು ತನ್ನಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಅದೂ ಆಸ್ಪತ್ರೆಯಲ್ಲಿ ಕೊಡುವಂಥದ್ದು, ಚೀಲದಲ್ಲಿ ಹೊರುವಂಥದ್ದಲ್ಲ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಓಆರ್‌ಎಸ್ ಪೊಟ್ಟಣ ಮರೆತರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು; ಚಮಚ ಟೀ ಚಮಚ, ಸೌಟಲ್ಲ.

ತುರ್ತು ಕರೆಗೆ 112, ಆಂಬುಲೆನ್ಸಿಗೆ 108 ಎಂದು ಎಲ್ಲರಿಗೂ ಗೊತ್ತು. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗಬಹುದು, ಪ್ರಯತ್ನಿಸಿ. ಯಾವ ಸಿಗ್ನಲ್ಲೂ ಇಲ್ಲದ ಕಣಿವೆಯಲ್ಲಿ ಕೆಲಸಕ್ಕೆ ಬರುವುದು ಹೊರಡುವ ಮೊದಲು ಮನೆಯಲ್ಲಿ ಹೇಳಿದ ಮಾತು. ‘ಚಿಕ್ಕಮಗಳೂರ ಕಡೆ ಎಲ್ಲೋ’ ಎಂದರೆ ಹೇಳಿದಂತಾಗಲಿಲ್ಲ. ಪೊಲೀಸರು ಯಾವ ಕಡೆ ಅಂತ ಹುಡುಕಬೇಕು? ನಮ್ಮ ಭಾವ ಈ ವಿಷಯದಲ್ಲಿ ಶಿಸ್ತಿನ ಮನುಷ್ಯ. ಯಾವ ಬೆಟ್ಟ, ಯಾವ ದಾರಿ, ಜೊತೆಗೆ ಯಾರು, ಗಾಡಿ ನಂಬರು, ‘ರಾತ್ರಿ ಎಂಟರೊಳಗೆ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸು’ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗುತ್ತಾರೆ. ಹೋದ ಸಲ ಅದರ ಕೆಳಗೆ ಅಕ್ಕನ ಅಕ್ಷರದಲ್ಲಿ ಒಂದು ಸಾಲು ಇತ್ತು: ‘ಏಳಕ್ಕೇ ಬನ್ನಿ, ಹಾಲಿನ ಬೂತ್ ಮುಚ್ಚುತ್ತೆ.’